ಶಟರ್ ಎಳೆದ ಮೇಲಿನ ಪಾಳಿ: ಹಿಟ್ಟು ಉಬ್ಬುವ ಗುಟ್ಟು

ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ರಾತ್ರಿ ಶಟರ್ ಎಳೆದ ಮೇಲೂ ಒಂದು ಪಾಳಿ ಕೆಲಸ ನಡೆದೇ ಇರುತ್ತದೆ. ಸಂಬಳ, ಬೋನಸ್ಸು, ಊರಿಗೆ ಹೋಗಲು ರಜೆ ಯಾವುದನ್ನೂ ಕೇಳದ ಆ ಕೆಲಸಗಾರರು ಇಡ್ಲಿ, ದೋಸೆ ಹಿಟ್ಟಿನೊಳಗಿನ ಅಣುಜೀವಿಗಳು. ಅವು ಒಂದು ರಾತ್ರಿ ಕೈಕೊಟ್ಟರೆ ಬೆಳಗ್ಗಿನ ವ್ಯಾಪಾರ ಹೋಯಿತೆಂದೇ ಲೆಕ್ಕ. ಲೋಕಲ್ ಹಿಡಿಯಲು ಓಡುವ ಗಿರಾಕಿ ಇಡ್ಲಿ ಗಟ್ಟಿಯಾಗಿದೆಯೆಂದು ಜಗಳಕ್ಕೆ ನಿಲ್ಲುವುದಿಲ್ಲ. ಮರುದಿನ ಸುಮ್ಮನೆ ಎದುರಿನ ಹೋಟೆಲಿಗೆ ಹೋಗುತ್ತಾನೆ.

ಹಿಂದೆ ಭಟ್ಟರು ಹಿಟ್ಟಿನ ಟೋಪಿಗೆ ಕೈ ಹಾಕಿ ನೋಡಿಯೇ ಹದ ಹೇಳುತ್ತಿದ್ದರು. ಅಂಥ ಕೈಗಳು ಈಗ ಕಡಿಮೆಯಾಗುತ್ತಿವೆ. ಹೊಸ ಹುಡುಗರಿಗೆ ಹೇಳಿಕೊಡಬೇಕಾದರೆ ಕಾರಣವೂ ನಮಗೆ ತಿಳಿದಿರಬೇಕು.

ಜೀವವಿರುವ ಯಾವುದಕ್ಕೂ ಶಕ್ತಿ ಬೇಕು. ನಾವು ತಿಂದ ಸಕ್ಕರೆಯ ಅಂಶವನ್ನು ಉಸಿರಿನ ಆಮ್ಲಜನಕದ ನೆರವಿನಿಂದ ಪೂರ್ತಿ ಉರಿಸಿ ಶಕ್ತಿ ಪಡೆಯುತ್ತೇವೆ. ಆಮ್ಲಜನಕ ಸಾಲದಾದಾಗ ಬೇರೆ ದಾರಿಯೂ ಇದೆ. ಅಕ್ಕಿ ಮೂಟೆ ಹೊತ್ತು ಬಿರಬಿರನೆ ಮೆಟ್ಟಿಲು ಹತ್ತುವ ಹುಡುಗನ ಸ್ನಾಯುಗಳು ಸಕ್ಕರೆಯನ್ನು ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲ ಮಾಡಿ ಕೆಲಸ ಸಾಗಿಸುತ್ತವೆ. ಹುದುಗುವಿಕೆಯೆಂದರೆ ಗಾಳಿಯಿಲ್ಲದ ಬದುಕು ಎಂದು ಫ್ರಾನ್ಸಿನ ಲೂಯಿ ಪಾಸ್ಚರ್ 1860ರ ದಶಕದಲ್ಲೇ ಕಂಡುಕೊಂಡಿದ್ದರು.

ಇಡ್ಲಿ ಹಿಟ್ಟಿನಲ್ಲಿ ಈ ಕೆಲಸ ಮಾಡುವ ಮುಖ್ಯ ಅಣುಜೀವಿ ಲ್ಯೂಕೋನೋಸ್ಟಾಕ್ ಮೆಸೆಂಟೆರಾಯ್ಡಿಸ್. ಹಿಟ್ಟು ಉಬ್ಬುವುದು ಇದರಿಂದಲೇ ಎಂದು 1965ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಇದನ್ನು ಪೇಟೆಯಿಂದ ತರಬೇಕಿಲ್ಲ. ಉದ್ದು, ಅಕ್ಕಿಯ ಮೈಯಲ್ಲೇ ಬಂದು ನೆನೆಯುವಾಗ ಬೆಳೆಯುತ್ತದೆ. ಒಂದು ಗ್ಲೂಕೋಸ್ ಕಣವನ್ನು ಒಡೆದು ಲ್ಯಾಕ್ಟಿಕ್ ಆಮ್ಲ, ಕಾರ್ಬನ್ ಡೈ ಆಕ್ಸೈಡ್ ಗ್ಯಾಸ್ ಮತ್ತು ತುಸು ಮದ್ಯಸಾರ ಮಾಡುತ್ತದೆ. ಮದ್ಯಸಾರ ಬೇಯುವಾಗ ಬಹುಪಾಲು ಆರಿಹೋಗುತ್ತದೆ.

ಇಲ್ಲೊಂದು ವ್ಯಾಪಾರದ ಲೆಕ್ಕವಿದೆ. ಜೀವಕೋಶದ ಶಕ್ತಿಯ ನಾಣ್ಯಕ್ಕೆ ಎ.ಟಿ.ಪಿ. ಎಂದು ಹೆಸರು. ಆಮ್ಲಜನಕವಿದ್ದರೆ ಒಂದು ಗ್ಲೂಕೋಸಿನಿಂದ ಸುಮಾರು 30 ನಾಣ್ಯ ಸಿಗುತ್ತದೆ. ಈ ಅಣುಜೀವಿಗೆ ಸಿಗುವುದು ಒಂದೇ ಒಂದು! ಲಾಭ ಅಷ್ಟು ಕಡಿಮೆಯಾದ್ದರಿಂದ ಅದು ರಾತ್ರಿಯಿಡೀ ಸಕ್ಕರೆ ತಿನ್ನುತ್ತಲೇ ಇರಬೇಕು. ಅದು ಬಿಸಾಡುವ ಕಸವೇ ನಮಗೆ ಬೇಕಾದ ಗ್ಯಾಸ್ ಮತ್ತು ಹುಳಿ. ಆ ಗ್ಯಾಸನ್ನು ಹಿಡಿದಿಡುವುದು ಉದ್ದಿನ ಲೋಳೆ ಮತ್ತು ಪ್ರೋಟೀನು. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು 1970ರ ದಶಕದಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿದ್ದಾರೆ. ಉದ್ದಿನಲ್ಲಿ ಉಳಿತಾಯ ಮಾಡಿದರೆ ಇಡ್ಲಿ ಏಕೆ ಕೂರುತ್ತದೆಂಬುದಕ್ಕೆ ಉತ್ತರ ಇಲ್ಲಿದೆ.

ಹುಳಿ ಹೆಚ್ಚುತ್ತಾ ಹೋದಂತೆ ಲ್ಯೂಕೋನೋಸ್ಟಾಕ್ ಸೋಲುತ್ತದೆ. ಹುಳಿ ತಾಳುವ ಪೀಡಿಯೋಕಾಕಸ್‌ನಂಥವು ಮುಂದೆ ಬರುತ್ತವೆ. ಅವು ಆಮ್ಲವನ್ನಷ್ಟೇ ಕೊಡುತ್ತವೆ, ಗ್ಯಾಸ್ ಕೊಡುವುದಿಲ್ಲ. ಆದ್ದರಿಂದಲೇ ಹೊತ್ತು ಮೀರಿದ ಹಿಟ್ಟು ಹುಳಿಯಾಗಿ ಇಳಿದುಬಿಡುತ್ತದೆ. ಅಂಥ ಹಳೆ ಹಿಟ್ಟನ್ನು ಹೊಸದಕ್ಕೆ ಸುರಿದರೆ ಉಬ್ಬುವ ಮೊದಲೇ ಹುಳಿ ಬರುತ್ತದೆ. ಹೆಪ್ಪು ಹಾಕುವುದಿದ್ದರೆ ಚೆನ್ನಾಗಿ ಉಬ್ಬಿದ ಹಿಟ್ಟಿನದೇ ಒಂದು ಸೌಟು ಸಾಕು.

ನಮ್ಮ ಮುಂಬಯಿಯಲ್ಲಿ ಹವೆಯೇ ದೊಡ್ಡ ಯಜಮಾನ. ಮೇ ತಿಂಗಳ ರಾತ್ರಿ 27 ಡಿಗ್ರಿಯ ಆಸುಪಾಸು ಸೆಖೆ. ಜನವರಿಯಲ್ಲಿ ಸಾಂತಾಕ್ರೂಜ್ ಕಡೆ 17ರ ಹತ್ತಿರಕ್ಕೆ ಇಳಿಯುತ್ತದೆ. ಎರಡೂ ಕಾಲಕ್ಕೆ ಒಂದೇ ಗಡಿಯಾರ ಇಟ್ಟರೆ ನಷ್ಟ ತಪ್ಪದು. ಬೇಸಿಗೆಯಲ್ಲಿ ತಡವಾಗಿ, ತಣ್ಣೀರು ಹಾಕಿ ಅರೆಯಬೇಕು, ಏಕೆಂದರೆ ಗ್ರೈಂಡರಿನ ಕಲ್ಲೇ ಹಿಟ್ಟನ್ನು ಬಿಸಿ ಮಾಡುತ್ತದೆ. ಉಬ್ಬಿದ ಕೂಡಲೇ ಚಿಕ್ಕ ಚಿಕ್ಕ ಪಾತ್ರೆಗೆ ಹಂಚಿ ಫ್ರಿಜ್ಜಿಗೆ ಸೇರಿಸಬೇಕು. ದೊಡ್ಡ ಟೋಪಿನ ನಡುಭಾಗ ಬೇಗ ತಣಿಯುವುದಿಲ್ಲ, ಅಲ್ಲಿ ಕೆಲಸ ನಡೆದೇ ಇರುತ್ತದೆ. ಚಳಿಯಲ್ಲಿ ಬೇಗ ಅರೆದು, ಉಗುರುಬೆಚ್ಚಗಿನ ನೀರು ಬಳಸಿ, ಭಟ್ಟಿಯ ಬಳಿ ಇಡಬಹುದು. ಕುದಿಯುವ ನೀರಲ್ಲಿ ಮಾತ್ರ ಬೇಳೆ ನೆನೆಹಾಕಬಾರದು, ಕೆಲಸಗಾರರೇ ಸತ್ತುಹೋಗುತ್ತಾರೆ. ಗಾಳಿ ಆಡಲೆಂದು ಮುಚ್ಚಳ ತೆರೆದಿಡಬೇಕಿಲ್ಲ. ಆದರೆ ಗ್ಯಾಸ್ ಹೊರಹೋಗಲು ಎಡೆಯಿರಲಿ, ಟೋಪು ಅರ್ಧ ಖಾಲಿಯಿರಲಿ.

ಉಬ್ಬದಿದ್ದರೆ ಸೋಡಾ ಹುಡಿ ಇದೆಯಲ್ಲ ಎಂದು ಕೆಲವರು ಕೇಳಬಹುದು. ಸೋಡಾ ಗ್ಯಾಸ್ ಕೊಡುವುದು ಮುಖ್ಯವಾಗಿ ಹಿಟ್ಟಿನ ಹುಳಿಯೊಡನೆ ಸೇರಿದಾಗ. ಹುದುಗದ ಹಿಟ್ಟಿನಲ್ಲಿ ಹುಳಿಯೇ ಇಲ್ಲದೆ ಸೋಡಾ ಉಳಿದುಹೋಗಿ ಸಾಬೂನಿನಂಥ ರುಚಿ ಬರುತ್ತದೆ, ಬಿ-1 ಜೀವಸತ್ವವೂ ನಾಶವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಿಟ್ಟನ್ನು ಕೆಟ್ಟ ರೋಗಾಣುಗಳಿಂದ ಕಾಯುವುದು ಆ ಹುಳಿಯೇ. ಸೋಡಾ ಆ ಕಾವಲನ್ನು ಕೊಡುವುದಿಲ್ಲ.

ಸುಮಾರು ಕ್ರಿ.ಶ. 920ರ ವಡ್ಡಾರಾಧನೆಯಲ್ಲೇ ಇಡ್ಡಲಿಗೆಯ ಹೆಸರಿದೆ. ಅಷ್ಟು ಹಳೆಯ ತಿಂಡಿಯನ್ನು ಈ ನಗರಕ್ಕೆ ರೂಢಿ ಮಾಡಿಸಿದವರಲ್ಲಿ ನಮ್ಮ ಹಿರಿಯರೂ ಇದ್ದಾರೆ. ಅರೆದ ಹೊತ್ತು, ಅಂದಿನ ಸೆಖೆ ಅಥವಾ ಚಳಿ, ಉಬ್ಬಿದ ಹೊತ್ತು ಇವಿಷ್ಟನ್ನು ದಿನವೂ ಬರೆದಿಡಲು ಗ್ರೈಂಡರಿನ ಪಕ್ಕ ಒಂದು ಪುಸ್ತಕ ತೂಗುಹಾಕೋಣ. ಒಂದು ವರ್ಷ ಬರೆದರೆ ನಿಮ್ಮ ಅಡುಗೆಮನೆಯ ಹದ ನಿಮ್ಮ ಕೈಯಲ್ಲೇ ಇರುತ್ತದೆ, ಭಟ್ಟರು ಊರಿಗೆ ಹೋದರೂ.