ತೆರಿಗೆಯ ಲೆಕ್ಕಕ್ಕೆ ಸಿಗದ ಅಣ್ಣನ ಮಗ

ಕ್ಯಾತ್ಸಂದ್ರದ ಒಂದು ಮನೆಯನ್ನು ಊಹಿಸಿಕೊಳ್ಳಿ. ದುಡಿಯುವವರು ಒಬ್ಬರೇ, ಬ್ಯಾಂಕ್ ಅಧಿಕಾರಿ. ಉಣ್ಣುವವರು ಆರು ಮಂದಿ: ಅವರು, ಪತ್ನಿ, ಮಗಳು, ತಾಯಿ, ತೀರಿಹೋದ ಅಣ್ಣನ ಹೆಂಡತಿ ಮತ್ತು ನಡೆಯಲಾಗದ ಆಕೆಯ ಮಗ. ಪಡಿತರ ಚೀಟಿಯಲ್ಲಿ ಆರೂ ಹೆಸರುಗಳಿವೆ. ಆದಾಯ ತೆರಿಗೆಯ ಕಣ್ಣಿಗೆ ಮಾತ್ರ ಕೊನೆಯ ಇಬ್ಬರು ಕಾಣುವುದಿಲ್ಲ.

ಅಂಗವಿಕಲ ಅವಲಂಬಿತರನ್ನು ಆರೈಕೆ ಮಾಡುವವರು ತಮ್ಮ ವರಮಾನದಲ್ಲಿ 75,000 ರೂಪಾಯಿ, ವೈಕಲ್ಯ ಶೇ 80ರಷ್ಟು ಅಥವಾ ಹೆಚ್ಚಿದ್ದರೆ 1.25 ಲಕ್ಷ ರೂಪಾಯಿ ಕಳೆದು ತೆರಿಗೆ ಲೆಕ್ಕ ಹಾಕಬಹುದು. 1961ರ ಕಾಯಿದೆಯ 80 ಡಿಡಿ ಕಲಮಿನ ಈ ರಿಯಾಯಿತಿ 2025ರ ಕಾಯಿದೆಯಲ್ಲೂ ಉಳಿದಿದೆ. ಆದರೆ ಅವಲಂಬಿತರೆಂದರೆ ಪತಿ ಅಥವಾ ಪತ್ನಿ, ಮಕ್ಕಳು, ತಂದೆ-ತಾಯಿ, ಒಡಹುಟ್ಟಿದವರು. ಪಟ್ಟಿ ಅಲ್ಲಿಗೆ ಮುಗಿಯಿತು. ಅಣ್ಣ ಬದುಕಿದ್ದು ಆತನೇ ಅಂಗವಿಕಲನಾಗಿದ್ದರೆ ರಿಯಾಯಿತಿ ಸಿಗುತ್ತಿತ್ತು; ಅವನ ಮಗನಿಗೆ ಇಲ್ಲ!

ಕಾನೂನಿಗೆ ಕೂಡುಕುಟುಂಬ ಅಪರಿಚಿತವೇನಲ್ಲ. ಹಿಂದೂ ಅವಿಭಕ್ತ ಕುಟುಂಬವನ್ನು ಅದು ಪ್ರತ್ಯೇಕ ತೆರಿಗೆದಾರನೆಂದೇ ಗುರುತಿಸುತ್ತದೆ. ಅದರ ಯಾವ ಸದಸ್ಯರೂ ಅವಲಂಬಿತರಾಗಬಹುದು. ಅಂದರೆ ಆ ಹುಡುಗನನ್ನು ಪಿತ್ರಾರ್ಜಿತ ಮಳಿಗೆಯ ಬಾಡಿಗೆಯಿಂದ ಸಾಕಿದರೆ ರಿಯಾಯಿತಿ, ಚಿಕ್ಕಪ್ಪನ ಸಂಬಳದಿಂದ ಸಾಕಿದರೆ ಇಲ್ಲ. ಆಸ್ತಿವಂತರ ಒಗ್ಗೂಡಿಕೆಗಿರುವ ಮಾನ್ಯತೆ ಸಂಬಳದಾರರ ಹೊಣೆಗಾರಿಕೆಗೆ ಇಲ್ಲವೆಂದಾಯಿತು.

ಇದೇ ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಚಿತವಾಗಿ ಉಂಡು, ಓದಿ ಬೆಳೆಯುತ್ತಾರೆ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಜಾತಿ ಕೇಳದೆ ಅನ್ನವಿಟ್ಟವರು. ಮಾನ್ಯತೆ ಪಡೆದ ದತ್ತಿಸಂಸ್ಥೆಗಳಿಗೆ ಕೊಟ್ಟ ದೇಣಿಗೆಗೆ ತೆರಿಗೆ ರಿಯಾಯಿತಿ ಉಂಟು, ಇರಲೇಬೇಕು. ಆದರೆ ಸಂಸ್ಥೆಯ ಮೂಲಕ ಪರರ ಮಗುವಿಗೆ ಕೊಟ್ಟ ತುತ್ತು ದಾನವೆನಿಸಿದರೆ, ಮನೆಯಲ್ಲಿ ಅಣ್ಣನ ಮಗನಿಗೆ ಇಟ್ಟ ತುತ್ತು ಬರಿಯ ಖರ್ಚು.

2023-24ರಿಂದ ತಾನಾಗಿಯೇ ಅನ್ವಯವಾಗುವ ಹೊಸ ತೆರಿಗೆ ಪದ್ಧತಿಯಲ್ಲಂತೂ ಈ ರಿಯಾಯಿತಿಗಳೇ ಇಲ್ಲ. 2025-26ರಿಂದ ಅದರಡಿ 12 ಲಕ್ಷ ರೂಪಾಯಿವರೆಗಿನ ಸಂಬಳಕ್ಕೆ ತೆರಿಗೆ ಬೀಳದು, ಹೀಗಾಗಿ ಅನೇಕರಿಗೆ ಈ ಚರ್ಚೆ ತಟ್ಟದಿರಬಹುದು. ಮಿತಿ ದಾಟಿದವರಲ್ಲಿ ಮಾತ್ರ ಒಂಟಿ ಬಾಳಿನವನೂ ಆರು ಮಂದಿಯನ್ನು ಸಾಕುವವನೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಾರೆ.

ಕುಟುಂಬವೆಂದರೆ ಗಂಡ-ಹೆಂಡಿರು ಮತ್ತು ಮಕ್ಕಳು ಎಂದು ನಾವು ಭಾವಿಸುವ ಅಮೆರಿಕದಲ್ಲಿ ಸೋದರರ ಮಕ್ಕಳು, ಸೋದರತ್ತೆ, ಅತ್ತಿಗೆ ಕೂಡ ಅವಲಂಬಿತರಾಗಬಹುದು. ಅವರ ಸ್ವಂತ ವರಮಾನ ಮಿತಿಯೊಳಗಿದ್ದು, ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ತೆರಿಗೆದಾರ ಭರಿಸಿರಬೇಕು. ಯಾರ ಮಗನೆಂಬುದರ ಜೊತೆಗೆ ಯಾರು ಸಾಕುತ್ತಿದ್ದಾರೆಂಬ ಪ್ರಶ್ನೆಗೂ ಅಲ್ಲಿ ಬೆಲೆಯಿದೆ. ಆ ಅಳತೆಗೋಲನ್ನು ನಾವೂ ತರಬಹುದು. ದುರುಪಯೋಗದ ಅಂಜಿಕೆ ಇದ್ದೇ ಇರುತ್ತದೆ. ಆದರೆ ಅಂಗವೈಕಲ್ಯದ ಪ್ರಮಾಣಪತ್ರ ಈಗಲೂ ಕಡ್ಡಾಯ. ಅದರೊಂದಿಗೆ ಅಣ್ಣನ ಮರಣಪತ್ರ, ಆರು ಹೆಸರಿನ ಪಡಿತರ ಚೀಟಿ ಲಗತ್ತಿಸಿದರೆ ಪುರಾವೆಗೆ ಸಾಲದೇ?