ವಿಮಾನದ ಎಂಜಿನ್ ಮುರಿದ ಹರಳುಕಣಗಳ ಕಥೆ

ಪ್ಯಾರಿಸ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್‌ನ ಎ380 ವಿಮಾನ 2017ರ ಸೆಪ್ಟೆಂಬರ್ 30ರಂದು ಗ್ರೀನ್‌ಲ್ಯಾಂಡ್ ಮೇಲೆ ಹಾರುತ್ತಿದ್ದಾಗ, ಬಲರೆಕ್ಕೆಯ ಹೊರಬದಿಯ ಎಂಜಿನ್‌ನ ಮುಂಭಾಗವೇ ಕಿತ್ತುಹೋಯಿತು. ವಿಮಾನ ಕೆನಡಾದ ಗೂಸ್ ಬೇ ನಿಲ್ದಾಣದಲ್ಲಿ ಇಳಿಯಿತು. ಅದರಲ್ಲಿದ್ದ 521 ಮಂದಿಯೂ ಪಾರಾದರು.

ಮುರಿದದ್ದು ಫ್ಯಾನ್‌ನ ಅಲಗುಗಳನ್ನು ಹಿಡಿದಿಡುವ ಟೈಟಾನಿಯಂ ಹಬ್. 2019ರಲ್ಲಿ ಗ್ರೀನ್‌ಲ್ಯಾಂಡ್‌ನ ಹಿಮದಡಿಯಿಂದ ಅದರ ದೊಡ್ಡ ತುಂಡೊಂದನ್ನು ಹೊರತೆಗೆಯಲಾಯಿತು. ಅಲಗು ಕೂರುವ ಗಾಡಿಯ ತಳದಲ್ಲಿ, ಮೇಲ್ಮೈಗಿಂತ ತುಸು ಒಳಗೆ ಬಿರುಕು ಹುಟ್ಟಿತ್ತೆಂದು ಫ್ರಾನ್ಸಿನ ತನಿಖಾ ಸಂಸ್ಥೆ ಬಿಇಎ 2020ರ ವರದಿಯಲ್ಲಿ ತಿಳಿಸಿತು.

ದಿಕ್ಕಿಗೆ ತಕ್ಕ ಬಲ

ಹಬ್‌ನ ಮಿಶ್ರಲೋಹದಲ್ಲಿ ಸುಮಾರು ಶೇ. 6 ಅಲ್ಯುಮಿನಿಯಂ, ಶೇ. 4 ವೆನೇಡಿಯಂ ಇರುತ್ತದೆ. ಲೋಹವೆಂದರೆ ಅಸಂಖ್ಯ ಹರಳುಕಣಗಳ ಒಕ್ಕೂಟ. ಟೈಟಾನಿಯಂನ ಆಲ್ಫಾ ಕಣಗಳಲ್ಲಿ ಪರಮಾಣುಗಳು ಷಟ್ಕೋನ ಕಂಬದಂತೆ ಜೋಡಣೆಗೊಂಡಿರುತ್ತವೆ. ಕಂಬದ ಉದ್ದಕ್ಕೆ ಎಳೆದರೆ ಕಣ ಬಹು ಗಡಸು. ಓರೆಯಾಗಿ ಎಳೆದರೆ ಅದರ ಪದರಗಳು ಸುಲಭವಾಗಿ ಜಾರುತ್ತವೆ.

ಮೆದು ಕಣವೊಂದು ಗಡಸು ಕಣದ ಪಕ್ಕದಲ್ಲಿದ್ದರೆ ತೊಂದರೆ ಆರಂಭ. ಟೇಕಾಫ್ ವೇಳೆ ಗಿರಗಿರನೆ ತಿರುಗುವ ಹಬ್ ಮೇಲೆ ಭಾರೀ ಎಳೆತ ಬಿದ್ದು, ಕೆಲಕಾಲ ಹಾಗೆಯೇ ಉಳಿಯುತ್ತದೆ. ಆ ಅವಧಿಯಲ್ಲಿ ಮೆದು ಕಣ ನಿಧಾನವಾಗಿ ಜಾರುತ್ತ ತನ್ನ ಹೊರೆಯನ್ನು ನೆರೆಯ ಗಡಸು ಕಣದ ಮೇಲೆ ಹೇರುತ್ತದೆ. ಪ್ರತಿ ಹಾರಾಟದಲ್ಲೂ ಇದು ಮರುಕಳಿಸಿ, ಕೊನೆಗೆ ಗಡಸು ಕಣ ಸೀಳುತ್ತದೆ. ಇದಕ್ಕೆ 'ಕೋಲ್ಡ್ ಡ್ವೆಲ್ ಫಟೀಗ್' ಎನ್ನುತ್ತಾರೆ. ಎಂಜಿನ್‌ನ ತಂಪಾದ ಮುಂಭಾಗವೇ ಇದರ ನೆಲೆ. 1970ರ ದಶಕದ ಆರಂಭದಲ್ಲಿ ಟ್ರೈಸ್ಟಾರ್ ವಿಮಾನಗಳ ರೋಲ್ಸ್ ರಾಯ್ಸ್ ಎಂಜಿನ್‌ಗಳಲ್ಲಿ ಫ್ಯಾನ್ ಡಿಸ್ಕ್‌ಗಳು ಮುರಿದಾಗ ಇದು ಗಮನಕ್ಕೆ ಬಂತು.

ಗುಂಪಾದರೆ ಗಂಡಾಂತರ

ಅಕ್ಕಪಕ್ಕದ ಕಣಗಳು ಬೇರೆಬೇರೆ ದಿಕ್ಕಿಗೆ ಮುಖಮಾಡಿದ್ದರೆ ಬಿರುಕಿಗೆ ಪ್ರತಿ ಗಡಿಯಲ್ಲೂ ತಡೆಯುಂಟು. ಆದರೆ ಒಂದೇ ದಿಕ್ಕಿನ ಕಣಗಳು ಗುಂಪುಗೂಡಿದರೆ ಬಿರುಕಿಗೆ ತೆರೆದ ದಾರಿ ಸಿಕ್ಕಂತೆ. ಈ ಗುಂಪಿಗೆ 'ಮ್ಯಾಕ್ರೋಝೋನ್' ಎಂದು ಹೆಸರು. ಕಣದ ಗಾತ್ರ ಮೈಕ್ರಾನ್‌ಗಳಲ್ಲಾದರೆ, ಗುಂಪು ಮಿಲಿಮೀಟರ್‌ಗಳಷ್ಟು ಬೆಳೆಯಬಲ್ಲದು. ಎ380ರ ಹಬ್‌ನಲ್ಲಿ ಬಿರುಕು ಹುಟ್ಟಿದ್ದು ಇಂತಹ ಗುಂಪಿನಲ್ಲೇ.

ಕಾದ ಲೋಹ ತಣಿಯುವಾಗ ಒಂದು ದೊಡ್ಡ ಬೀಟಾ ಕಣದೊಳಗಿನಿಂದ ಅನೇಕ ಆಲ್ಫಾ ಕಣಗಳು ಒಂದೇ ದಿಕ್ಕಿನಲ್ಲಿ ಹುಟ್ಟುತ್ತವೆ. ಮುಂದಿನ ಬಡಿತದಲ್ಲಿ ಅವು ಚದುರದಿದ್ದರೆ ಗುಂಪು ಉಳಿದುಬಿಡುತ್ತದೆ. ದಪ್ಪನೆಯ ಲೋಹಖಂಡದ ಒಳಭಾಗ ನಿಧಾನವಾಗಿ ತಣಿಯುವುದರಿಂದ ಅಪಾಯ ಅಲ್ಲಿ ಹೆಚ್ಚು. ಬೇಗ ತಣಿಸುವುದು, ಹಲವು ದಿಕ್ಕುಗಳಿಂದ ಬಡಿಯುವುದು ಇದಕ್ಕೆ ಪರಿಹಾರ.

ಇಲ್ಲಿ ರಂಧ್ರವಾಗಲಿ, ಕಲ್ಮಶವಾಗಲಿ ಇರುವುದಿಲ್ಲ. ಹೀಗಾಗಿ ವಾಡಿಕೆಯ ತಪಾಸಣೆಗೆ ಮ್ಯಾಕ್ರೋಝೋನ್ ಸಿಕ್ಕಿಬೀಳುವುದು ಕಷ್ಟ. ದುರಂತ ತಪ್ಪಿದ ಮೇಲೆ ಅದೇ ಮಾದರಿಯ ಎಂಜಿನ್‌ಗಳ ಹಬ್‌ಗಳಲ್ಲಿ ಬಿರುಕು ಹುಡುಕಲು ವಿದ್ಯುತ್ ಸುಳಿಯ ಪರೀಕ್ಷೆಯನ್ನು ಕಡ್ಡಾಯ ಮಾಡಲಾಯಿತು. ಲೋಹದಲ್ಲಿ ಏನೇನು ಬೆರೆತಿದೆ ಎಂಬುದಷ್ಟೇ ಅಲ್ಲ, ಅದರ ಕಣಗಳು ಯಾವ ಕಡೆಗೆ ಮುಖಮಾಡಿವೆ ಎಂಬುದೂ ಪ್ರಯಾಣಿಕರ ಜೀವದ ಪ್ರಶ್ನೆ.