ಸಕ್ಕರೆ ಕಾಯಿಲೆಯ ಬೆಳೆಗಾರರೇ, ಪಾದಗಳ ಕಡೆ ಗಮನವಿರಲಿ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಬೆಳೆಗಾರ ಬಾಂಧವರೇ, ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗಳಿಗೆ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ನೀವು ಮರೆಯುವುದಿಲ್ಲ. ಮೈಸೂರು ಸಂಸ್ಥಾನದ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆ ರೋಗದ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದಂದಿನಿಂದ ಮಲೆನಾಡಿಗೆ ಈ ಪಾಠ ಗೊತ್ತಿದೆ: ರೋಗ ಬಂದ ಮೇಲಲ್ಲ, ಬರುವ ಮುನ್ನವೇ ಎಚ್ಚರ ವಹಿಸಬೇಕು. ಸಕ್ಕರೆ ಕಾಯಿಲೆ ಇರುವವರ ಪಾದಗಳಿಗೂ ಇದೇ ಮಾತು ಸಲ್ಲುತ್ತದೆ.

ನಾನು ಬೇಸಾಯಶಾಸ್ತ್ರದವನು, ವೈದ್ಯನಲ್ಲ. ಆದರೆ ತೋಟವೊಂದರಲ್ಲಿ ಕಂಡದ್ದು ಈ ಲೇಖನಕ್ಕೆ ಕಾರಣ. ಬರಿಗಾಲಿನಲ್ಲಿ ತೋಟ ತೋರಿಸಿದ ಯಜಮಾನರು ಕಾಲು ತೊಳೆಯುವಾಗ ಹೆಬ್ಬೆರಳಿನ ಬುಡದಲ್ಲಿ ಮುಳ್ಳು ಮುರಿದು ಕೂತಿತ್ತು. ಮನೆಯವರು ತೋರಿಸುವವರೆಗೆ ಅವರಿಗೆ ತಿಳಿದಿರಲಿಲ್ಲ. "ನೋವೇ ಇಲ್ಲವಲ್ಲ" ಎಂದು ನಕ್ಕರು. ಮುಂದಿನ ಸಲ ಹೋದಾಗ ಆ ಬೆರಳನ್ನೇ ತೆಗೆಯಬೇಕಾಗಿ ಬಂದಿತ್ತು.

ಹುಣ್ಣಾಗಲು ಕಾರಣಗಳು

ರಕ್ತದಲ್ಲಿ ಸಕ್ಕರೆಯ ಅಂಶ ಬಹುಕಾಲ ಹೆಚ್ಚಾಗಿದ್ದರೆ ಪಾದದ ನರಗಳು ನೋವು ಮತ್ತು ಬಿಸಿಯನ್ನು ತಿಳಿಸುವ ಶಕ್ತಿ ಕಳೆದುಕೊಳ್ಳುತ್ತವೆ. ಬೆವರು ಕಡಿಮೆಯಾಗಿ ಚರ್ಮ ಒಣಗಿ ಬಿರಿಯುತ್ತದೆ. ರಕ್ತನಾಳಗಳು ಕಿರಿದಾಗಿ ಗಾಯ ಬೇಗ ಮಾಯುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಇನ್ನೂ ಹೆಚ್ಚು. ಇದರೊಂದಿಗೆ ನಮ್ಮ ಕೆಸರು, ಮುಳ್ಳು, ಉಂಬಳದ ಕಡಿತಗಳೂ ಸೇರಿದರೆ ಚಿಕ್ಕ ಗಾಯವೇ ಕೀವಿನ ಹುಣ್ಣಾಗುತ್ತದೆ.

ತಡೆಗಟ್ಟುವ ಕ್ರಮಗಳು

1. ಸಕ್ಕರೆಯನ್ನು ಹತೋಟಿಯಲ್ಲಿಡಿರಿ. ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದಗಳ ಸ್ಪರ್ಶಜ್ಞಾನ ಮತ್ತು ನಾಡಿ ಪರೀಕ್ಷೆ ಮಾಡಿಸಿರಿ.

2. ತೋಟದಿಂದ ಬಂದೊಡನೆ ಪಾದ ತೊಳೆದು ಬೆರಳ ಸಂದಿಗಳನ್ನು ಒಣಬಟ್ಟೆಯಿಂದ ಒರೆಸಿರಿ. ಅಂಗಾಲನ್ನು ಕನ್ನಡಿಯಲ್ಲಿ ನೋಡಿರಿ ಇಲ್ಲವೆ ಮನೆಯವರಿಗೆ ತೋರಿಸಿರಿ.

3. ಬರಿಗಾಲಿನಲ್ಲಿ ನಡೆಯಬೇಡಿ. ಗಂಬೂಟನ್ನು ಕೊಡವಿ, ಒಳಗೆ ಪರೀಕ್ಷಿಸಿ, ಒಣ ಕಾಲುಚೀಲದೊಂದಿಗೆ ಧರಿಸಿರಿ.

4. ಹಂಡೆಯ ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಳಕೈಯಿಂದ ನೋಡಿರಿ. ಒಲೆಯ ಮುಂದೆ ಕಾಲು ಕಾಯಿಸಬೇಡಿ.

5. ಉಗುರನ್ನು ನೇರವಾಗಿ ಕತ್ತರಿಸಿರಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ.

6. ಒಣಗಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು. ಬೆರಳ ಸಂದಿಗೆ ಬೇಡ.

ಹುಣ್ಣಾದರೆ

ಶುದ್ಧ ನೀರಿನಿಂದ ತೊಳೆದು, ಶುಭ್ರವಾದ ಬಟ್ಟೆ ಕಟ್ಟಿ, ಅಂದೇ ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. ಸುಣ್ಣ, ಹೊಗೆಸೊಪ್ಪು, ಸೊಪ್ಪಿನ ರಸ ಹಚ್ಚಬೇಡಿ. ವೈದ್ಯರು ಸತ್ತ ಮಾಂಸ ತೆಗೆದು, ಕೀವಿದ್ದರೆ ಔಷಧಿ ಕೊಟ್ಟು, ಕಾಲಿನ ರಕ್ತ ಸಂಚಾರ ಪರೀಕ್ಷಿಸುತ್ತಾರೆ. ಹುಣ್ಣಿನ ಮೇಲೆ ಭಾರ ಬೀಳದಂತೆ ವಿಶೇಷ ಪಾದರಕ್ಷೆ ಅಥವಾ ಪಟ್ಟಿ ಹಾಕುತ್ತಾರೆ. ನೋವಿಲ್ಲವೆಂದು ಆ ಕಾಲಿನ ಮೇಲೆ ನಡೆದಾಡಿದರೆ ಎಷ್ಟು ಔಷಧಿ ತೆಗೆದುಕೊಂಡರೂ ಹುಣ್ಣು ಮಾಯುವುದಿಲ್ಲ.

ಪಾದ ಕೆಂಪಾಗಿ ಬಾತರೆ, ಕಪ್ಪಾದರೆ, ದುರ್ವಾಸನೆ ಅಥವಾ ಜ್ವರ ಬಂದರೆ ಒಂದು ದಿನವೂ ತಡಮಾಡಕೂಡದು. ಗಾಯವಿಲ್ಲದೆಯೇ ಪಾದ ಬಿಸಿಯಾಗಿ ಬಾತರೂ ವೈದ್ಯರಿಗೆ ತೋರಿಸಿರಿ.

ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ಕೊಯ್ಲು ಮಾಡಲು ಆಳು ಸಿಕ್ಕಾರು; ಹೋದ ಕಾಲು ಮತ್ತೆ ಬಾರದು.